ಓವರ್‌ಲಾಕ್ ಕೆಳಗೆ ಗುಜರಿ ಚಿಮಣಿ

ಅಕ್ಕನಿಗೆ ಉಬ್ಬಸ. ಅವಳ ಕೆಲಸ ಹೊಲಿಗೆ. ‘ಕೆಲಸ ಬಿಟ್ಟುಬಿಡು’ ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ, ಮಕ್ಕಳ ಫೀಸು ಕಟ್ಟುವವರು ಸಿಗುವುದಿಲ್ಲ. ಹಾಗಾಗಿ ಕೋಣೆಯನ್ನೇ ಸರಿಮಾಡಲು ಹೊರಟೆವು. ನಾನು ಮೋಟರ್ ರಿವೈಂಡಿಂಗ್ ಮಾಡುವವನು. ಮನೆ ಚಿಕ್ಕಮಗಳೂರಿನ ಬಸವನಹಳ್ಳಿ ಕಡೆ. ಆ ಕೋಣೆಯಲ್ಲಿ ಏನೇನು ಮಾಡಿದೆವು, ಯಾಕೆ ಹಾಗೆ ಮಾಡಿದೆವು ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಕೋಣೆ 10 ಅಡಿ ಅಗಲ, 12 ಅಡಿ ಉದ್ದ, 9 ಅಡಿ ಎತ್ತರ. ಅಂದರೆ 1,080 ಘನ ಅಡಿ, ಸುಮಾರು 30 ಘನ ಮೀಟರ್ ಗಾಳಿ. ಒಂದೇ ಕಿಟಕಿ. ಒಳಗೆ ಹೊಲಿಗೆ ಮಷೀನ್, ಸೀರೆ ಅಂಚು ಹೊಲಿಯುವ ಪಿಕೋ ಮಷೀನ್, ಬಟ್ಟೆಯ ಅಂಚು ಕತ್ತರಿಸಿ ಹೊಲಿಯುವ ಓವರ್‌ಲಾಕ್, ಕಟಿಂಗ್ ಟೇಬಲ್, ಇಸ್ತ್ರಿ ಪೆಟ್ಟಿಗೆ. ಬೇಸಿಗೆಯಲ್ಲಿ ಕಿಟಕಿ ತೆಗೆದಿಟ್ಟರೆ ಹೇಗೋ ನಡೆಯುತ್ತದೆ. ಪಜೀತಿ ಎಲ್ಲ ಮಳೆಗಾಲದಲ್ಲಿ. ಜೂನ್‌ನಲ್ಲಿ ಸ್ಕೂಲ್ ಯೂನಿಫಾರ್ಮ್. ಅದು ಮುಗಿಯುವಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬ, ಗೌರಿ ಹಬ್ಬದ ರವಿಕೆಗಳು. ಗಿರಿ ಕಡೆಯಿಂದ ಮಂಜು, ಜಡಿಮಳೆ. ಕಿಟಕಿ ತೆಗೆಯುವ ಹಾಗಿಲ್ಲ. ವರ್ಷದಲ್ಲಿ ಅತಿ ಜಾಸ್ತಿ ಬಟ್ಟೆ ಕತ್ತರಿಸುವ ತಿಂಗಳುಗಳಲ್ಲೇ ಕೋಣೆಗೆ ಗಾಳಿ ಇಲ್ಲ.

ಕೇಳಿದವರೆಲ್ಲ ಹೇಳಿದ್ದು ಒಂದೇ: ಏರ್ ಪ್ಯೂರಿಫೈಯರ್ ತಂದು ಮೂಲೆಗೆ ಇಡಿ. ನನ್ನ ಪ್ರಕಾರ ಅದು ಕೊನೆಗೆ ಮಾಡುವ ಕೆಲಸ. ಪ್ಯೂರಿಫೈಯರ್ ತನ್ನ ಹತ್ತಿರ ಬಂದ ಗಾಳಿಯನ್ನು ಮಾತ್ರ ಸೋಸುತ್ತದೆ. ಓವರ್‌ಲಾಕ್‌ನಿಂದ ಎದ್ದ ಧೂಳಿಗೆ ಮೂಲೆಗೆ ಹೋಗುವ ದಾರಿಯಲ್ಲಿ ಮೊದಲು ಸಿಗುವುದೇ ಅಕ್ಕನ ಮೂಗು. ಧೂಳನ್ನು ಹುಟ್ಟಿದ ಜಾಗದಲ್ಲೇ, ಗಾಳಿಗೆ ಸೇರುವ ಮೊದಲೇ ಹಿಡಿಯಬೇಕು. ತಪ್ಪಿಸಿಕೊಂಡದ್ದಕ್ಕೆ ಮಾತ್ರ ಪ್ಯೂರಿಫೈಯರ್.

ಧೂಳು ಏಳುವುದು ಎಲ್ಲಿ?

ಕಪ್ಪು ಚಾರ್ಟ್ ಪೇಪರಿನ ತುಂಡುಗಳಿಗೆ ಸೆಲ್ಲೋಟೇಪನ್ನು ಅಂಟು ಮೇಲೆ ಬರುವ ಹಾಗೆ ಸುತ್ತಿ, ಕೋಣೆಯಲ್ಲಿ ಬೇರೆ ಬೇರೆ ಕಡೆ ಇಟ್ಟೆ. ಓವರ್‌ಲಾಕ್ ಪಕ್ಕ, ಕಟಿಂಗ್ ಟೇಬಲ್ ತುದಿ, ಪಿಕೋ ಮಷೀನ್ ಹತ್ತಿರ, ಕಿಟಕಿ ಹಲಗೆ, ಅಕ್ಕ ಕೂರುವ ಕುರ್ಚಿಯ ಹಿಂದೆ. ಬೆಳಗ್ಗೆ ಇಟ್ಟು ಸಂಜೆ ತೆಗೆದು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೆ ಕಥೆ ಗೊತ್ತಾಗುತ್ತದೆ. ಖರ್ಚಿಲ್ಲದ ಪರೀಕ್ಷೆ. ರಾತ್ರಿ ದೀಪ ಆರಿಸಿ ಟಾರ್ಚ್ ಅಡ್ಡಕ್ಕೆ ಹಿಡಿದರೂ ಧೂಳು ಎಲ್ಲಿಂದ ಏಳುತ್ತದೆ ಅಂತ ಚೆನ್ನಾಗಿ ಕಾಣುತ್ತದೆ.

ಓವರ್‌ಲಾಕ್ ಪಕ್ಕದ ತುಂಡು ಕಪ್ಪೇ ಕಾಣದಷ್ಟು ಬೆಳ್ಳಗಾಗಿತ್ತು. ಇದು ಆಗಲೇಬೇಕು. ಆ ಮಷೀನಿನಲ್ಲಿ ಎರಡು ಬ್ಲೇಡ್ ಇರುತ್ತವೆ. ಕೆಳಗಿನದು ನಿಂತಿರುತ್ತದೆ, ಮೇಲಿನದು ಆಡುತ್ತದೆ. ಹೊಲಿಯುತ್ತಾ ಬಟ್ಟೆಯ ಅಂಚನ್ನು ಕತ್ತರಿಸುತ್ತಾ ಹೋಗುತ್ತದೆ. ಬ್ಲೇಡ್ ಮೊಂಡಾಗಿದ್ದರೆ ನೂಲನ್ನು ಕತ್ತರಿಸುವ ಬದಲು ಹರಿಯುತ್ತದೆ, ಜುಂಗು, ಅಂದರೆ ಉದುರುವ ನೂಲಿನ ಸಣ್ಣ ಎಳೆ, ಇನ್ನೂ ಜಾಸ್ತಿ. ಹಾಗಾಗಿ ನಮ್ಮ ಮೊದಲ ರಿಪೇರಿ ಕೆಳಗಿನ ಬ್ಲೇಡ್ ಬದಲಿಸಿದ್ದು. ಚಿಕ್ಕ ಖರ್ಚು, ದೊಡ್ಡ ಲಾಭ.

ಎರಡನೇ ಸ್ಥಾನ ಕಟಿಂಗ್ ಟೇಬಲ್‌ಗೆ. ಕತ್ತರಿಯಿಂದ ಏಳುವ ಧೂಳು ಕಡಿಮೆಯೇ. ಬಟ್ಟೆಯನ್ನು ಫಟ್ ಅಂತ ಕೊಡವಿ ಹಾಸುವಾಗ ಏಳುವುದೇ ಜಾಸ್ತಿ. ಅದರ ಜೊತೆಗೆ ಮಾರ್ಕಿಂಗ್ ಚಾಕಿನ ಪುಡಿ. ಮೂರನೆಯ ಆರೋಪಿ ಸೀಲಿಂಗ್ ಫ್ಯಾನ್. ಅದು ಧೂಳು ಹುಟ್ಟಿಸುವುದಿಲ್ಲ, ಕೂತ ಧೂಳನ್ನು ಕೂರಲು ಬಿಡುವುದಿಲ್ಲ.

ಗಾಳಿಯ ಧೂಳು ಅಳೆಯುವ ಒಂದು ಚಿಕ್ಕ ಲೇಸರ್ ಮೀಟರನ್ನೂ ಗೆಳೆಯನೊಬ್ಬನಿಂದ ತಂದಿದ್ದೆ. ಅದು ಬೇರೆಯೇ ಕಥೆ ಹೇಳಿತು. ಓವರ್‌ಲಾಕ್ ಓಡಿಸಿದರೆ ಅಂಕಿ ಅಷ್ಟೇನೂ ಏರಲಿಲ್ಲ. ದೇವರ ಮನೆಯಲ್ಲಿ ಅಮ್ಮ ಊದುಬತ್ತಿ ಹಚ್ಚಿದ ಕೂಡಲೇ ಸರ್ರನೆ ಏರಿತು. ‘ನೋಡಿದ್ಯಾ, ನನ್ನ ಮಷೀನ್ ತಪ್ಪಿಲ್ಲ’ ಎಂದಳು ಅಕ್ಕ. ಮೀಟರ್ ಸುಳ್ಳು ಹೇಳುತ್ತಿರಲಿಲ್ಲ, ಆದರೆ ಅದಕ್ಕೆ ಕಾಣುವುದೇ ಸಣ್ಣ ಕಣ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ತಲೆಗೂದಲು ಸಾಮಾನ್ಯವಾಗಿ 50ರಿಂದ 70 ಮೈಕ್ರಾನ್ ದಪ್ಪ. ಹತ್ತಿಯ ಎಳೆ 10ರಿಂದ 20 ಮೈಕ್ರಾನ್ ದಪ್ಪ, ಉದ್ದ ಅದಕ್ಕಿಂತ ಎಷ್ಟೋ ಪಟ್ಟು. ಇಂಥ ಮೀಟರ್‌ಗಳು ಸರಿಯಾಗಿ ನೋಡುವುದು 2.5 ಮೈಕ್ರಾನಿಗಿಂತ ಸಣ್ಣದನ್ನು, ಅಂದರೆ ಹೊಗೆಯಂಥದ್ದನ್ನು. ಜುಂಗು ಅದರ ಕಣ್ಣಿಗೆ ಬೀಳುವುದೇ ಕಷ್ಟ. ಇನ್ನೊಂದು ವಿಷಯ, ನಮ್ಮ ಮಲೆನಾಡಿನವರು ನೆನಪಿಡಬೇಕಾದದ್ದು: ತೇವ ತುಂಬಾ ಇದ್ದಾಗ ಕಣಗಳು ನೀರು ಹೀರಿ ಉಬ್ಬುತ್ತವೆ. ಮಂಜಿನ ಹನಿಯನ್ನೂ ಮೀಟರ್ ಧೂಳು ಅಂತಲೇ ಎಣಿಸುತ್ತದೆ. ಜುಲೈ ತಿಂಗಳ ಬೆಳಗಿನ ಅಂಕಿ ನೋಡಿ ಗಾಬರಿಯಾಗಬೇಡಿ.

ಹಾಗಂತ ಮೀಟರ್ ದಂಡ ಅಲ್ಲ. 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ದಿನದ ಸರಾಸರಿ ಒಂದು ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು ಅಂತ 2009ರ ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು 15ಕ್ಕೆ ಇಟ್ಟಿದೆ. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿ ಮೂರೂ ಹೊಲಿಗೆ ಕೋಣೆಯ ಕಡೆ ಬರಕೂಡದು ಅಂತ ಅವತ್ತೇ ತೀರ್ಮಾನವಾಯಿತು. ಅಮ್ಮ ಸ್ವಲ್ಪ ಮುಖ ಊದಿಸಿಕೊಂಡರು. ಈಗ ದೇವರ ಮನೆ ಬಾಗಿಲು ಮುಚ್ಚಿ ಹಚ್ಚುತ್ತಾರೆ.

ಹಾಗಾದರೆ ಜುಂಗಿನಿಂದ ಏನು ತೊಂದರೆ? ಉದ್ದ ಎಳೆಗಳು ಹೆಚ್ಚಾಗಿ ಮೂಗು, ಗಂಟಲಲ್ಲೇ ನಿಲ್ಲುತ್ತವೆ. ಕೆರೆತ, ಸೀನು. ಉಬ್ಬಸ ಇದ್ದವರಿಗೆ ಕಾಟ ಕೊಡುವುದು ಅದರ ಜೊತೆ ಬರುವ ಪರಿವಾರ. ಹೊಸ ಬಟ್ಟೆಯ ಗಂಜಿ ಪುಡಿ, ಗಟ್ಟಿ ಮಾಡಲು ಹಾಕಿದ ರಾಸಾಯನಿಕ, ಹಳೇ ಬಟ್ಟೆಯಲ್ಲಿರುವ ಧೂಳಿನ ನುಸಿಯ ಹಿಕ್ಕೆ, ಮಳೆಗಾಲದ ಬೂಷ್ಟು. ನೂಲಿನ ಗಿರಣಿಯವರಿಗೆ ಬರುವ ಬಿಸಿನೋಸಿಸ್ ಕಾಯಿಲೆಯ ಬಗ್ಗೆ ಓದಿ ಅಕ್ಕ ಹೆದರಿದ್ದಳು. ಅದರಲ್ಲಿ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋದಾಗ ಎದೆ ಬಿಗಿಯುತ್ತದೆ. ಅದು ಬರುವುದು ಮುಖ್ಯವಾಗಿ ಕಚ್ಚಾ ಹತ್ತಿಯ ಧೂಳಿನಿಂದ, ಅದರಲ್ಲಿರುವ ಬ್ಯಾಕ್ಟೀರಿಯಾದ ವಿಷದಿಂದ. ನೇಯ್ದು, ತೊಳೆದು, ಬಣ್ಣ ಹಾಕಿ ಬಂದ ಬಟ್ಟೆ ಹೊಲಿಯುವುದು ಬೇರೆ. ಹೆದರಬೇಕಾಗಿಲ್ಲ, ಉದಾಸೀನವೂ ಬೇಡ.

ಕಾಸು ಖರ್ಚಿಲ್ಲದೆ ಆದದ್ದು

ಧೂಳು ಎಳೆಯಲು ನಾನು ಜೋಡಿಸಿದ ಬ್ಲೋವರ್ ಕಥೆಗೆ ಹೋಗುವ ಮೊದಲು ಇದನ್ನು ಹೇಳಿಬಿಡುತ್ತೇನೆ. ಲೈನಿಂಗ್ ಬಟ್ಟೆ, ಫಾಲ್ ಎಲ್ಲ ಮೊದಲು ನೀರಿಗೆ ಹಾಕಿ ಒಣಗಿಸಿದ ಮೇಲೆಯೇ ಕೋಣೆಗೆ. ಕುಗ್ಗುವುದು ಕುಗ್ಗಲಿ ಅಂತ ಟೈಲರ್‌ಗಳು ಇದನ್ನು ಮೊದಲಿಂದಲೂ ಮಾಡುತ್ತಾರೆ. ಗಂಜಿ ಹೋಗುವುದು ಇನ್ನೊಂದು ಲಾಭ. ಸುಕ್ಕಾಗದ ಬಟ್ಟೆಗೆ ಹಾಕುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಬರಬಹುದು. ಅನಿಲವನ್ನು ಧೂಳಿನ ಫಿಲ್ಟರ್ ಹಿಡಿಯುವುದೇ ಇಲ್ಲ. ಅದಕ್ಕೆ ಮೊದಲೇ ತೊಳೆಯುವುದು ಒಳ್ಳೆಯದು.

ಚಾಕ್ ಬದಲು ಸವೆದ ಸೋಪಿನ ಬಿಲ್ಲೆ. ಗಾಢ ಬಣ್ಣದ ಬಟ್ಟೆಗೆ ಚೆನ್ನಾಗಿ ಗೆರೆ ಬೀಳುತ್ತದೆ, ಪುಡಿ ಹಾರುವುದಿಲ್ಲ. ಬಟ್ಟೆ ಕೊಡವುವುದು ಬಂದ್, ಉರುಳಿಸಿ ಹಾಸುವುದು. ಒಣ ಪೊರಕೆ ಬಂದ್, ಒದ್ದೆ ಬಟ್ಟೆಯಲ್ಲಿ ಒರೆಸುವುದು. ನೆಂದ ಕಾಫಿ ಚರಟ ಚೆಲ್ಲಿ ಗುಡಿಸಿದರೆ ಧೂಳು ಏಳುವುದಿಲ್ಲ ಅಂತ ಅಮ್ಮನ ಸಲಹೆ. ಮಾತು ನಿಜ, ಆದರೆ ಯಾರದೋ ಬಿಳಿ ರೇಷ್ಮೆ ಸೀರೆ ಅದರ ಮೇಲೆ ಬಿದ್ದರೆ ಆಮೇಲೆ ಆಗುವ ಎದೆಬಡಿತಕ್ಕೆ ಇನ್ಹೇಲರ್ ಇಲ್ಲ. ಬೇಡವೆಂದೆವು. ಚಿಂದಿ ತುಂಬಿದ ಗೋಣಿಚೀಲ ಹೊರಗೆ ಹೋಯಿತು, ಮುಚ್ಚಳದ ಡಬ್ಬ ಬಂತು. ಜಿರಲೆ ಕಾಟ ತಪ್ಪಿತು. ಜಿರಲೆಯೂ ಉಬ್ಬಸ ಕೆರಳಿಸುತ್ತದೆ. ಬೀರುವಿನ ನುಸಿಗುಳಿಗೆಗೂ ವಿದಾಯ. ಕುರ್ಚಿಯ ದಿಂಬಿನ ಕವರ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ. ಆ ಬಿಸಿಗೆ ನುಸಿ ಬದುಕುವುದಿಲ್ಲ.

ಮಷೀನಿನೊಳಗೆ ಬಾಯಿಂದ ಊದುವ ಅಭ್ಯಾಸ ಎಲ್ಲ ಟೈಲರ್‌ಗಳಿಗೂ ಇದೆ. ಅಕ್ಕನಿಗೂ ಇತ್ತು. ಊದಿದರೆ ಅರ್ಧ ಮುಖಕ್ಕೆ ಬರುತ್ತದೆ, ಇನ್ನರ್ಧ ಎಣ್ಣೆಗೆ ಅಂಟಿ ಒಳಗೆ ಹೋಗಿ ಗಟ್ಟಿಯಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಪೈಪಿನ ಬಾಯಿಗೆ ಒಂದು ಪ್ಲಾಸ್ಟಿಕ್ ಮುಚ್ಚಳ ಕೂರಿಸಿ, ಅದರಲ್ಲಿ ಮೀನಿನ ತೊಟ್ಟಿಯ ಸಣ್ಣ ಪೈಪ್ ತೂರಿಸಿ ಕೊಟ್ಟೆ. ಪ್ಲೇಟ್ ಬಿಚ್ಚಿ, ಬಾಬಿನ್ ಕೇಸ್ ತೆಗೆದು, ಬ್ರಶ್‌ನಿಂದ ಬಿಡಿಸುತ್ತಾ ಎಳೆಸಬಹುದು. ಮುಚ್ಚಳಕ್ಕೆ ಪಕ್ಕದಲ್ಲಿ ಇನ್ನೂ ಒಂದೆರಡು ತೂತು ಬೇಕೇ ಬೇಕು. ವ್ಯಾಕ್ಯೂಮಿನ ಮೋಟರ್ ತಣ್ಣಗಾಗುವುದು ಅದೇ ಎಳೆಯುವ ಗಾಳಿಯಿಂದ. ಬಾಯಿ ಕಟ್ಟಿದರೆ ಸುಟ್ಟುಹೋಗುತ್ತದೆ. ಹೀಗೆ ಸುಟ್ಟ ಮೋಟರ್‌ಗಳು ನನ್ನ ಬಳಿ ರಿಪೇರಿಗೆ ಬರುತ್ತಲೇ ಇರುತ್ತವೆ.

ಚಿಮಣಿ

ಧೂಳು ಎಳೆಯುವ ಪೆಟ್ಟಿಗೆಯ ಯೋಚನೆಗೆ ಮೂಲ ಕೋವಿಡ್ ಕಾಲದ ಒಂದು ಅಮೆರಿಕನ್ ಡಬ್ಬ. 2020ರಲ್ಲಿ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂತಾಲ್ ಎಂಬಿಬ್ಬರ ಹೆಸರಿನಲ್ಲಿ ಪ್ರಸಿದ್ಧವಾದದ್ದು. ನಾಲ್ಕು ಫಿಲ್ಟರ್ ಹಲಗೆಗಳನ್ನು ಡಬ್ಬದ ಗೋಡೆಗಳಾಗಿ ನಿಲ್ಲಿಸಿ, ಮೇಲೆ ಚೌಕದ ಫ್ಯಾನ್ ಇಟ್ಟು ಟೇಪ್ ಸುತ್ತುವುದು. ಅದರ ಜಾಣತನ ಫಿಲ್ಟರಿನ ವಿಸ್ತಾರದಲ್ಲಿದೆ. ವಿಸ್ತಾರ ಜಾಸ್ತಿ ಇದ್ದರೆ ಗಾಳಿಗೆ ತಡೆ ಕಡಿಮೆ, ಸಾಧಾರಣ ಫ್ಯಾನಿಗೂ ಎಳೆಯಲು ಆಗುತ್ತದೆ. ಆದರೆ ಆ ಅಳತೆಯ ಫಿಲ್ಟರ್ ಆಗಲಿ, ಆ ಚೌಕದ ಫ್ಯಾನ್ ಆಗಲಿ ನಮ್ಮ ಮಾರ್ಕೆಟ್ ರಸ್ತೆಯ ಅಂಗಡಿಗಳಲ್ಲಿ ಕೇಳಿದರೆ ಮುಖ ಮುಖ ನೋಡುತ್ತಾರೆ. ಅಡುಗೆಮನೆ ಎಗ್ಸಾಸ್ಟ್ ಫ್ಯಾನ್ ಎಲ್ಲ ಕಡೆ ಸಿಗುತ್ತದೆ, ಆದರೆ ಅದರ ಮುಂದೆ ದಟ್ಟ ಫಿಲ್ಟರ್ ಇಟ್ಟರೆ ರೆಕ್ಕೆ ಸುಮ್ನೆ ತಿರುಗುತ್ತದೆ, ಗಾಳಿ ಬರುವುದಿಲ್ಲ. ಒತ್ತಡದ ವಿರುದ್ಧ ಎಳೆಯಲು ಡ್ರಮ್ಮಿನಂಥ ಚಕ್ರದ ಬ್ಲೋವರ್ ಬೇಕು.

ಅಂಥ ಬ್ಲೋವರ್ ಅಡುಗೆಮನೆ ಚಿಮಣಿಯೊಳಗೆ ಇರುತ್ತದೆ. ಗಾಜು ಒಡೆದ, ಬಟನ್ ಹೋದ ಚಿಮಣಿಗಳು ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಸಿಗುತ್ತವೆ. ನಾನೊಂದು ತಂದೆ.

‘ಏನೋ ಇದು, ಜಿಡ್ಡು ಸುರೀತಿದೆ. ಇದನ್ನ ನನ್ನ ಕೋಣೇಲಿ ಇಡ್ತೀಯಾ?’

‘ತೊಳೆದು ಕೊಡ್ತೀನಿ ಕಣಕ್ಕ.’

‘ವಾಸನೆ ಒಂಚೂರು ಬಂದ್ರೂ ವಾಪಸ್ ಗುಜರಿಗೆ ಕಳಿಸ್ತೀನಿ, ನೋಡ್ಕೋ.’

ಅಕ್ಕ ಹೇಳಿದ್ದು ಸರಿಯೇ. ಉಬ್ಬಸ ಇದ್ದವರಿಗೆ ವಾಸನೆಯೂ ಧೂಳಿನಷ್ಟೇ ಕೆಟ್ಟದ್ದು. ಹಾಗಾಗಿ ತೊಳೆಯುವ ಕೆಲಸಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಹೊರಗಿನ ಡಬ್ಬ, ಗಾಜು, ಬಟನ್ ಬೋರ್ಡ್ ಎಲ್ಲ ಬೇರೆ ಮಾಡಿ, ಸುರುಳಿ ಆಕಾರದ ಹೌಸಿಂಗ್, ಚಕ್ರ, ಮೋಟರ್ ಇಷ್ಟು ಮಾತ್ರ ಇಟ್ಟುಕೊಂಡೆ. ಹೌಸಿಂಗ್ ಮತ್ತು ಚಕ್ರವನ್ನು ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ನೆನೆಸಿ ಉಜ್ಜುವುದು. ಚಕ್ರ ಅಲ್ಯೂಮಿನಿಯಂ ಆಗಿದ್ದರೆ ಕಾಸ್ಟಿಕ್ ಸೋಡಾ ಮುಟ್ಟಿಸಬೇಡಿ, ಲೋಹವನ್ನೇ ತಿನ್ನುತ್ತದೆ. ಕೆರೆದು ತೆಗೆಯುವಾಗ ಚಕ್ರದ ರೆಕ್ಕೆ ಬಗ್ಗಿದರೆ ತೂಕ ತಪ್ಪಿ ಗಡಗಡ ಅನ್ನುತ್ತದೆ. ಆಮೇಲೆ ಬಿಸಿಲಿಗೆ.

ಮೋಟರ್ ನನ್ನ ಮನೆಯ ವಿಷಯ. ಕರೆಂಟ್ ಕೊಟ್ಟರೆ ಗುಯ್ ಅನ್ನುತ್ತಿತ್ತು, ಕೈಯಿಂದ ತಿರುಗಿಸಿದರೆ ಓಡುತ್ತಿತ್ತು. ಹೀಗಾದರೆ ಹತ್ತರಲ್ಲಿ ಒಂಬತ್ತು ಸಲ ಮೋಟರನ್ನು ಶುರುಮಾಡಿಸುವ ಕೆಪಾಸಿಟರಿನದೇ ತಪ್ಪು. ಅದರ ಎರಡು ತಂತಿಯನ್ನು ಮೊದಲು ಡಿಸ್ಚಾರ್ಜ್ ಮಾಡಿಯೇ ಮುಟ್ಟಬೇಕು. ಮೀಟರ್‌ನಲ್ಲಿ ನೋಡಿದರೆ ಮೇಲೆ ಬರೆದಿದ್ದರ ಅರ್ಧವೂ ಇರಲಿಲ್ಲ. ಅದೇ ಮೈಕ್ರೋಫ್ಯಾರಡ್, 440 ವೋಲ್ಟಿನದು ಹೊಸದು ಹಾಕಿದೆ. ವೈಂಡಿಂಗ್ ತೇವ ಹಿಡಿದಿರಬಹುದು ಅಂತ ಬಲ್ಬ್ ಶಾಖದಲ್ಲಿ ರಾತ್ರಿ ಇಟ್ಟು, ಬೆಳಗ್ಗೆ ಕರೆಂಟ್ ಲೀಕ್ ಪರೀಕ್ಷಿಸುವ 500 ವೋಲ್ಟಿನ ಮೆಗ್ಗರ್ ಹಚ್ಚಿ ನೋಡಿದೆ. ಮೋಟರಿನ ಹೊರಮೈಗೆ ಲೀಕ್ ಇರಲಿಲ್ಲ. ಬುಶ್‌ಗಳಿಗೆ ಎರಡು ಹನಿ ಎಣ್ಣೆ. ಮೂರು ಪಿನ್ನಿನ ಹೊಸ ವೈರ್, ಹೌಸಿಂಗ್‌ಗೆ ಅರ್ಥ್.

ಇಲ್ಲೊಂದು ಸೂಕ್ಷ್ಮ ಇದೆ. ಈ ಜಾತಿಯ ಚಕ್ರ ಉಲ್ಟಾ ತಿರುಗಿದರೂ ಗಾಳಿ ಅದೇ ಬಾಯಿಂದಲೇ ಹೊರಗೆ ಬರುತ್ತದೆ, ಶಕ್ತಿ ಮಾತ್ರ ತುಂಬಾ ಕಡಿಮೆ. ಸೀಲಿಂಗ್ ಫ್ಯಾನಿನ ಹಾಗೆ ಗಾಳಿಯ ದಿಕ್ಕು ಬದಲಾಗುವುದಿಲ್ಲವಾದ್ದರಿಂದ ಗೊತ್ತೇ ಆಗುವುದಿಲ್ಲ. ವೈಂಡಿಂಗ್ ಬಿಚ್ಚಿ ಜೋಡಿಸಿದವರು ಹೌಸಿಂಗ್ ಮೇಲಿನ ಬಾಣದ ಗುರುತು ನೋಡಿಕೊಳ್ಳಿ. ಬಾಣ ಅಳಿಸಿಹೋಗಿದ್ದರೆ ಎರಡೂ ದಿಕ್ಕಿನಲ್ಲಿ ಓಡಿಸಿ, ಜೋರಾಗಿರುವುದೇ ಸರಿ.

ಮೋಟರ್ ಯಾವುದು ಎಂಬುದಕ್ಕೂ ಬೆಲೆ ಇದೆ. ವ್ಯಾಕ್ಯೂಮ್, ಮಿಕ್ಸಿಗಳ ಮೋಟರಿನಲ್ಲಿ ಕಾರ್ಬನ್ ಬ್ರಶ್ ಇರುತ್ತದೆ, ಕಿಡಿ ಹಾರುತ್ತದೆ. ಒಣ ಜುಂಗು ಬೆಂಕಿಗೆ ಬೇಗ ಹತ್ತಿಕೊಳ್ಳುವ ವಸ್ತು. ಚಿಮಣಿಯದು ಇಂಡಕ್ಷನ್ ಮೋಟರ್, ಬ್ರಶ್ ಇಲ್ಲ. ಮೇಲಾಗಿ ಬ್ಲೋವರನ್ನು ಫಿಲ್ಟರ್‌ಗಳ ಆಚೆ, ಶುದ್ಧ ಗಾಳಿಯ ಕಡೆ ಇಟ್ಟರೆ ಜುಂಗು ಅದರ ಹತ್ತಿರವೇ ಸುಳಿಯುವುದಿಲ್ಲ.

ಪೆಟ್ಟಿಗೆ

ಹಳೇ ಬೀರುವಿನ ಬಾಗಿಲ ಪ್ಲೈವುಡ್ ಇತ್ತು. ಬೇಕೆಂದೇ ಹಳೆಯದು. ಹೊಸ ಪ್ಲೈ, ಹೊಸ ಪೇಂಟ್ ಎರಡೂ ತಿಂಗಳುಗಟ್ಟಲೆ ವಾಸನೆ ಬಿಡುತ್ತವೆ. ಸಿಲಿಕಾನ್ ಹಚ್ಚಿದ ಮೇಲೂ ಪೆಟ್ಟಿಗೆಯನ್ನು ಹಿತ್ತಲ ಜಗುಲಿಯಲ್ಲಿ ವಾಸನೆ ಹೋಗುವವರೆಗೆ ಬಿಟ್ಟೆ.

ಎಳೆಯುವ ಬಾಯಿ ಎಲ್ಲಿರಬೇಕು ಎಂಬುದೇ ಇಡೀ ಕೆಲಸದ ಗುಟ್ಟು. ದೀಪವನ್ನು ಒಂದು ಮೊಳ ದೂರದಿಂದ ಊದಿ ಆರಿಸಬಹುದು. ಅಷ್ಟೇ ದೂರದಿಂದ ಉಸಿರು ಒಳಗೆಳೆದು ಆರಿಸಿ ನೋಡೋಣ! ಊದುವ ಗಾಳಿ ನೇರ ಹೋಗುತ್ತದೆ. ಎಳೆಯುವ ಗಾಳಿ ಎಲ್ಲ ಕಡೆಯಿಂದ ಬರುತ್ತದೆ. ಪೈಪಿನ ಬಾಯಿಂದ ಅದರ ಅಗಲದಷ್ಟು ದೂರ ಬಂದರೆ ಎಳೆತದ ವೇಗ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ನಮ್ಮದು 110 ಮಿಲಿಮೀಟರ್ ಪಿವಿಸಿ ಪೈಪ್. ಅಂದರೆ ಗೇಣಿಗಿಂತ ದೂರದ ಧೂಳಿಗೆ ಅದು ಇದ್ದೂ ಇಲ್ಲದ ಹಾಗೆ. ಬಾಯಿಯನ್ನು ಓವರ್‌ಲಾಕ್ ಬ್ಲೇಡಿನ ಕೆಳಗೇ ತರಬೇಕು.

ಬ್ಲೇಡಿನಿಂದ ಚಿಂದಿ ಬೀಳುವ ಜಾಗಕ್ಕೆ ಸರಿಯಾಗಿ ತಗಡಿನ ಒಂದು ಇಳಿಜಾರು ತಟ್ಟೆ ಮಾಡಿಸಿದೆ. ಅದರ ಮೂರು ಕಡೆ ಸಣ್ಣ ಗೋಡೆ. ಅಕ್ಕನ ಕೈಗೆ ತಗಲಬಾರದು, ಬಟ್ಟೆ ಸಿಕ್ಕಿಕೊಳ್ಳಬಾರದು. ಇದನ್ನು ಅವಳೇ ಕೂತು ರಟ್ಟಿನಲ್ಲಿ ಕತ್ತರಿಸಿ ಮಾದರಿ ಕೊಟ್ಟಳು. ರವಿಕೆ ಕಂಕುಳು ಕತ್ತರಿಸುವ ಕೈಗೆ ತಗಡಿನ ಮಾದರಿ ಏನು ಮಹಾ. ತಟ್ಟೆಯಿಂದ ಜಾರಿದ್ದು ನೇರ ಪೆಟ್ಟಿಗೆಯ ಕೆಳಖಾನೆಗೆ. ಭಾರದ ಚೂರು ಅಲ್ಲೇ ಬೀಳುತ್ತದೆ, ಹಗುರ ಜುಂಗು ಗಾಳಿಯ ಜೊತೆ ಮುಂದೆ ಹೋಗುತ್ತದೆ. ಗಿರಣಿಗಳಂಥ ಕಡೆ ಹತ್ತಿ ಜುಂಗು ಪೈಪಿನಲ್ಲಿ ಕೂರದಂತೆ ಸೆಕೆಂಡಿಗೆ ಸುಮಾರು 13ರಿಂದ 15 ಮೀಟರ್ ವೇಗ ಇಡುತ್ತಾರೆ. ನಮಗೆ ಅದರ ಅರ್ಧವೂ ಸಿಗುವುದಿಲ್ಲ. ಅದಕ್ಕೇ ಉದ್ದ ಪೈಪ್ ಎಳೆಯದೆ, ಪೆಟ್ಟಿಗೆಯನ್ನೇ ಮಷೀನ್ ಟೇಬಲ್ ಕೆಳಗೆ ಸೇರಿಸಿದ್ದು. ಪೈಪ್ ಒಂದು ಮೊಳವೂ ಇಲ್ಲ.

ಕೆಳಖಾನೆಯ ಮೇಲೆ ಸೊಳ್ಳೆ ಜಾಲರಿ, ಉದ್ದ ದಾರ ತಡೆಯಲು. ಅದರ ಮೇಲಿನ ಖಾನೆಯಲ್ಲಿ ಬಟ್ಟೆಯ ಚೀಲ. ಯಾವ ಬಟ್ಟೆ ಅಂತ ನನಗೆ ತಲೆಬಿಸಿ, ಅಕ್ಕನಿಗೆ ಒಂದು ನಿಮಿಷದ ಕೆಲಸ. ಉಳಿದ ತುಂಡುಗಳನ್ನು ಒಂದೊಂದಾಗಿ ಬಾಯಿಗೆ ಹಿಡಿದು ಊದಿ ನೋಡಿದಳು. ವಾಯಿಲ್ ತುಂಬಾ ತೆಳು. ಕ್ಯಾನ್ವಾಸ್ ಉಸಿರೇ ಬಿಡುವುದಿಲ್ಲ. ಕಾಟನ್ ಆದರೆ ತಾನೇ ಜುಂಗು ಉದುರಿಸುತ್ತದೆ. ಯೂನಿಫಾರ್ಮ್ ಶರ್ಟಿನ ಟೆರಿಕಾಟ್ ಹದವಾಗಿತ್ತು. ದಿಂಬಿನ ಕವರಿನಷ್ಟು ದೊಡ್ಡ ಚೀಲ. ಅಂಚು ಹೊರಗೆ ಕಾಣದ ಹಾಗೆ ಎರಡು ಸಲ ಮಡಚಿ ಹೊಲಿದಳು, ಸೂಜಿ ತೂತಿನಿಂದ ಧೂಳು ನುಸುಳಬಾರದಲ್ಲ. ಬಾಯಿಗೆ ಎಲಾಸ್ಟಿಕ್. ಎರಡು ಚೀಲ ಹೊಲಿದಿದ್ದಾಳೆ, ಒಂದು ತೊಳೆಯಲು ಹಾಕಿದರೆ ಇನ್ನೊಂದು.

ಚೀಲ ದಾಟಿದ ಗಾಳಿ ಹೆಪಾ ಫಿಲ್ಟರ್‌ಗೆ. ದೊಡ್ಡ ಪ್ಯೂರಿಫೈಯರ್‌ಗೆ ಹಾಕುವ ಆಯತಾಕಾರದ ಬದಲಿ ಫಿಲ್ಟರ್ ತರಿಸಿದೆ. 0.3 ಮೈಕ್ರಾನ್ ಕಣದಲ್ಲಿ 99.97 ಶೇಕಡಾ ಹಿಡಿಯಬೇಕು ಎಂಬುದು ಹೆಪಾದ ಲೆಕ್ಕ. ಆ ಅಳತೆಯ ಕಣ ಹಿಡಿಯುವುದೇ ಅತಿ ಕಷ್ಟ, ಅದಕ್ಕಿಂತ ದೊಡ್ಡದೂ ಸಣ್ಣದೂ ಇನ್ನೂ ಸುಲಭವಾಗಿ ಸಿಗುತ್ತವೆ. ಆದರೆ ಫಿಲ್ಟರಿನ ಅಂಚಿನಲ್ಲಿ ಸಂದು ಬಿಟ್ಟರೆ ಈ ಅಂಕಿಗೆ ಅರ್ಥವಿಲ್ಲ. ಗಾಳಿ ಸಂದಿನಿಂದಲೇ ಹೋಗುತ್ತದೆ. ಸುತ್ತ ಬಾಗಿಲಿಗೆ ಅಂಟಿಸುವ ಫೋಮ್ ಟೇಪ್, ನಾಲ್ಕು ಮೂಲೆಗೆ ಚಿಟಕಿ ಕ್ಲಿಪ್. ಅಕ್ಕ ಪೇಟೆಗೆ ಹೋಗಿದ್ದಾಗ ಊದುಬತ್ತಿ ಹಚ್ಚಿ ಪೆಟ್ಟಿಗೆಯ ಕೀಲುಗಳ ಮೇಲೆಲ್ಲ ಆಡಿಸಿದೆ. ಹೊಗೆ ಒಳಗೆ ನುಗ್ಗಿದ ಕಡೆ ಸಿಲಿಕಾನ್. ಬ್ಲೋವರ್ ಕೊನೆಯಲ್ಲಿ ಇರುವುದರಿಂದ ಇಡೀ ಪೆಟ್ಟಿಗೆ ಒಳಮುಖವಾಗಿ ಎಳೆಯುತ್ತದೆ. ಫಿಲ್ಟರ್‌ಗಿಂತ ಮೊದಲು ಸಂದು ಇದ್ದರೂ ಧೂಳು ಹೊರಗೆ ಚೆಲ್ಲುವುದಿಲ್ಲ. ಫಿಲ್ಟರ್ ಮತ್ತು ಬ್ಲೋವರ್ ನಡುವಿನ ಕೀಲು ಮಾತ್ರ ಬಿಗಿಯಾಗಿರಲೇಬೇಕು.

ಪೆಟ್ಟಿಗೆಯ ಪಕ್ಕಕ್ಕೆ ಇನ್ನೊಂದು ಬಾಯಿ ಇಟ್ಟೆ. ಎರಡಕ್ಕೂ ಜಾರು ಬಾಗಿಲು. ಓವರ್‌ಲಾಕ್ ಓಡುವಾಗ ಅದರ ಬಾಯಿ ತೆರೆದಿರುತ್ತದೆ. ನಿಂತ ಮೇಲೆ ಅದನ್ನು ಮುಚ್ಚಿ ಪಕ್ಕದ್ದು ತೆಗೆದರೆ ಕೋಣೆಯ ಗಾಳಿ ಸೋಸುತ್ತದೆ. ಮೂಲೆಯ ಪ್ಯೂರಿಫೈಯರಿನ ಕೆಲಸವೂ ಆಯಿತು. ಹೊರಹೋಗುವ ಕಡೆ ಪಿವಿಸಿ ವೈ ಜಾಯಿಂಟ್, ಒಂದು ಕವಲು ಕಿಟಕಿಗೆ, ಒಂದು ಕೋಣೆಗೆ. ಬೇಡದ್ದಕ್ಕೆ ಎಂಡ್ ಕ್ಯಾಪ್. ಬೇಸಿಗೆಯಲ್ಲಿ ಗಾಳಿ ಹೊರಗೆ. ಮಳೆಗಾಲದಲ್ಲಿ ಹೊರಗೆ ತಳ್ಳಿದರೆ ಅಷ್ಟೇ ಒದ್ದೆ ಗಾಳಿ ಬಾಗಿಲ ಸಂದಿಯಿಂದ ಒಳಗೆ ಬರುತ್ತದೆ, ಆಗ ಸೋಸಿದ ಗಾಳಿ ಕೋಣೆಗೇ ವಾಪಸ್.

ಎಷ್ಟು ಎಳೆಯುತ್ತದೆ?

ಚಿಮಣಿ ಡಬ್ಬದ ಮೇಲೆ ಗಂಟೆಗೆ ಸಾವಿರ ಘನ ಮೀಟರ್‌ಗೂ ಮೇಲೆ ಅಂತ ಬರೆದಿರುತ್ತಾರೆ. ಅದು ಎದುರಿಗೆ ಯಾವ ತಡೆಯೂ ಇಲ್ಲದಾಗಿನ ಮಾತು. ನಿಜ ತಿಳಿಯಲು 100 ಲೀಟರಿನ ಕಸದ ಚೀಲ ಸಾಕು. ಚೀಲದ ಗಾಳಿ ಪೂರ್ತಿ ಹಿಂಡಿ ಹೊರಬಾಯಿಗೆ ಥಟ್ಟನೆ ಹಿಡಿದು, ತುಂಬುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿ ನೋಡುವುದು. ನಡು ಸ್ಪೀಡಿನಲ್ಲಿ ಹತ್ತಿರ ಹತ್ತಿರ ಎರಡು ಸೆಕೆಂಡ್. ಅಂದರೆ ಸೆಕೆಂಡಿಗೆ 50 ಲೀಟರ್, ಗಂಟೆಗೆ 180 ಘನ ಮೀಟರ್. ಕೋಣೆ 30 ಘನ ಮೀಟರ್ ಇರುವುದರಿಂದ ಗಂಟೆಗೆ ಆರು ಸಲ ಇಡೀ ಕೋಣೆಯ ಗಾಳಿ ಫಿಲ್ಟರ್ ದಾಟುತ್ತದೆ. ಈ ಲೆಕ್ಕದಲ್ಲಿ ಧೂಳು ಏಳುವುದು ನಿಂತ ಮೇಲೆ 23 ನಿಮಿಷಕ್ಕೆ ಗಾಳಿಯಲ್ಲಿದ್ದ ಸಣ್ಣ ಕಣಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೋಗಿರಬೇಕು. ಹಾಗಾಗಿ ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಓಡಲಿ ಅಂತ ಟೈಮರ್ ಹಾಕಿದ್ದೇನೆ. ಓವರ್‌ಲಾಕ್ ಸ್ವಿಚ್ ಹಾಕಿದರೆ ಬ್ಲೋವರ್ ತಾನಾಗಿ ಶುರು. ಬೇರೆ ಸ್ವಿಚ್ ಇದ್ದರೆ ಅವಸರದಲ್ಲಿ ಯಾರು ಹಾಕುತ್ತಾರೆ?

ಮೇಲಿನ ಸ್ಪೀಡಿನಲ್ಲಿ ಇನ್ನೂ ಜಾಸ್ತಿ ಎಳೆಯುತ್ತದೆ, ಆದರೆ ಸದ್ದಿಗೆ ಅಕ್ಕನ ರೇಡಿಯೋ ಕೇಳುವುದಿಲ್ಲ. ಕೇಳದ ರೇಡಿಯೋ ಅಂದರೆ ಆಫ್ ಆದ ಬ್ಲೋವರ್. ಮೋಟರ್ ಕೆಳಗೆ ರಬ್ಬರ್ ಬುಶ್ ಕೊಟ್ಟು, ನಡು ಸ್ಪೀಡಿಗೆ ಒಪ್ಪಂದವಾಯಿತು.

ಮತ್ತೆ ಅದೇ ಕಪ್ಪು ಕಾಗದ, ಅದೇ ಜಾಗಗಳು, ಅಷ್ಟೇ ರವಿಕೆ ಕೆಲಸ ಇದ್ದ ದಿನ. ಓವರ್‌ಲಾಕ್ ಪಕ್ಕದ್ದರಲ್ಲಿ ಅಲ್ಲೊಂದು ಇಲ್ಲೊಂದು ಎಳೆ, ಕಾಗದದ ಕಪ್ಪು ಚೆನ್ನಾಗಿ ಕಾಣುತ್ತಿತ್ತು. ಕುರ್ಚಿಯ ಹಿಂದಿನದು ಹೆಚ್ಚುಕಡಿಮೆ ಖಾಲಿ. ಪಿಕೋ ಮಷೀನಿನದು ಮಾತ್ರ ಮೊದಲಿನ ಹಾಗೇ. ಸಂಜೆ ಹೊತ್ತಿನ ಕೆಮ್ಮು ಕಡಿಮೆಯಾಗಿದೆ ಎನ್ನುತ್ತಾಳೆ ಅಕ್ಕ. ಉಬ್ಬಸ ಹೋಗಿಲ್ಲ, ಹೋಗುವುದೂ ಇಲ್ಲ. ಡಾಕ್ಟರ್ ಬರೆದ ದಿನದ ಇನ್ಹೇಲರ್ ಹಾಗೇ ನಡೆಯುತ್ತಿದೆ. ಪೆಟ್ಟಿಗೆ ಬಂತು ಅಂತ ಅದನ್ನು ಬಿಡುವುದು ಮೂರ್ಖತನ.

ವೆಲ್ವೆಟ್ ಬಂದರೆ ಇದೆಲ್ಲ ಸಾಲದು. ಕತ್ತರಿಸಿದ ಅಂಚಿನಿಂದ ಅದು ಮುಟ್ಟಿದ ಕಡೆಯೆಲ್ಲ ಉದುರುತ್ತದೆ. ಅವತ್ತು ಅಕ್ಕ ಎನ್95 ಮಾಸ್ಕ್ ಹಾಕುತ್ತಾಳೆ, ಕೂಲಿ ಜಾಸ್ತಿ ಹೇಳುತ್ತಾಳೆ, ಮೂರನೆಯ ಗಿರಾಕಿಗೆ ಇಲ್ಲ ಎನ್ನುತ್ತಾಳೆ. ತೇವಕ್ಕೂ ಈ ಪೆಟ್ಟಿಗೆ ಉತ್ತರ ಅಲ್ಲ. ಗಾಳಿಯ ತೇವ ಶೇಕಡಾ 50 ದಾಟಿದರೆ ನುಸಿಗೆ ಸುಗ್ಗಿ, ಇನ್ನೂ ಮೇಲೆ ಹೋದರೆ ಬೂಷ್ಟು. ಇಸ್ತ್ರಿಯ ಹಬೆ ಕೂಡ ಒಳಗೇ ಸೇರುತ್ತದೆ ಅಂತ ಇಸ್ತ್ರಿಯನ್ನು ಹಜಾರಕ್ಕೆ ಸಾಗಿಸಿದೆವು. ಜುಂಗಿನ ಪಕ್ಕ ಬಿಸಿ ಪೆಟ್ಟಿಗೆ ಇರುವುದೂ ತಪ್ಪಿತು. ಕಂಪ್ರೆಸರ್ ಇರುವ ಡಿಹ್ಯೂಮಿಡಿಫೈಯರ್ ಒಂದು ಬೇಕು, ದುಡ್ಡು ಕೂಡಿಸಬೇಕು.

ಚೀಲ ಖಾಲಿ ಮಾಡುವುದು ನನ್ನ ಪಾಲಿನ ಕೆಲಸ, ಅಕ್ಕನಿಗೆ ಅದು ನಿಷಿದ್ಧ. ಹಿತ್ತಲಿಗೆ ಒಯ್ದು, ಮಾಸ್ಕ್ ಹಾಕಿ, ಬಾಯಿ ಬಿಚ್ಚುವ ಮೊದಲು ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ ಒದ್ದೆ ಮಾಡುವುದು. ಮುದ್ದೆಯಾಗಿ ಬರುತ್ತದೆ, ಹಾರುವುದಿಲ್ಲ. ಕೆಳಖಾನೆಯ ಚಿಂದಿ ದಿನಾ ಸಂಜೆ ತೆಗೆಯಬೇಕು. ಹೆಪಾ ಯಾವಾಗ ಬದಲಿಸಬೇಕು ಎಂಬುದಕ್ಕೆ ಮತ್ತೆ ಕಸದ ಚೀಲದ ಪರೀಕ್ಷೆಯೇ: ಬಟ್ಟೆಯ ಚೀಲ ತೊಳೆದು ಹಾಕಿದ ಮೇಲೂ ಕಸದ ಚೀಲ ತುಂಬಲು ನಾಲ್ಕು ಸೆಕೆಂಡ್ ಹಿಡಿದರೆ ಗಾಳಿ ಅರ್ಧಕ್ಕೆ ಇಳಿದಿದೆ ಅಂತ. ಹೆಪಾವನ್ನು ನೀರಿನಲ್ಲಿ ತೊಳೆಯಲು ಹೋಗಬೇಡಿ, ಕಾಗದದ ಹಾಗೆ ಮಡಿಸಿದ ಆ ಎಳೆಗಳು ಹಾಳಾಗುತ್ತವೆ.

ಉಳಿದಿರುವುದು ಪಿಕೋ ಮಷೀನ್. ಅಲ್ಲಿ ಬ್ಲೇಡ್ ಇಲ್ಲ. ಅಂಚಿನ ನೂಲನ್ನು ಅಕ್ಕ ಕತ್ತರಿಯಿಂದ ಸವರುವಾಗ ಏಳುವ ಧೂಳು ಅದು. ಕತ್ತರಿ ಒಂದೇ ಕಡೆ ನಿಲ್ಲುವುದಿಲ್ಲ, ಹಾಗಾಗಿ ತಗಡಿನ ತಟ್ಟೆ ಆಗುವುದಿಲ್ಲ. ಬೇಕಾದ ಕಡೆ ಬಗ್ಗಿ ನಿಲ್ಲುವ 2 ಇಂಚಿನ ಸುರುಳಿ ಪೈಪನ್ನು ಹಳೇ ಟೇಬಲ್ ಲ್ಯಾಂಪಿನ ತೋಳಿಗೆ ಕಟ್ಟಿ, ಪೆಟ್ಟಿಗೆಯ ಪಕ್ಕದ ಬಾಯಿಗೆ ಜೋಡಿಸುವ ಯೋಚನೆ ಇದೆ. ತೋಳು ಸಿಕ್ಕಿದೆ. ಅದರ ಸ್ಪ್ರಿಂಗ್ ಸಡಿಲ, ಪೈಪಿನ ಭಾರಕ್ಕೆ ಕೆಳಗೆ ಜಗ್ಗುತ್ತದೆ. ಗಟ್ಟಿ ಸ್ಪ್ರಿಂಗ್ ಹುಡುಕುತ್ತಿದ್ದೇನೆ.